ಬೆರೆತುದನ್ನು ಬಿಡಿಸಿ ಅರಿಯುವ ವಿದ್ಯೆ



ರೈತನು ಕಣದಲ್ಲಿ ರಾಶಿಯನ್ನು ತೂರುವಾಗ ಗಾಳಿಯು ಹೊಟ್ಟನ್ನು ದೂರಕ್ಕೆ ಒಯ್ಯುತ್ತದೆ. ಕಾಳು ಅವನ ಕಾಲ ಬಳಿಯಲ್ಲೇ ಬೀಳುತ್ತದೆ. ಮನೆಯ ತಾಯಂದಿರು ಅಕ್ಕಿಯನ್ನು ಮೊರದಲ್ಲಿ ಕೇರಿ ನುಚ್ಚನ್ನೂ ತವುಡನ್ನೂ ಬೇರೆ ಮಾಡುತ್ತಾರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳನ್ನು ಹೀಗೆ ಬೇರ್ಪಡಿಸುವುದು ನಮಗೆ ತಲೆತಲಾಂತರದಿಂದ ಬಂದ ವಿದ್ಯೆ. ಆದರೆ ತುಪ್ಪದಲ್ಲಿ ಬೇರೊಂದು ಕೊಬ್ಬು ಕರಗಿ ಒಂದಾದರೆ, ಗಂಧದೆಣ್ಣೆಯಲ್ಲಿ ಅಗ್ಗದ ಎಣ್ಣೆ ಬೆರೆತರೆ, ಮದ್ಯದಲ್ಲಿ ಅದರ ಒಡಹುಟ್ಟಿದಂತೆ ತೋರುವ ವಿಷ ಸೇರಿದರೆ ಯಾವ ಮೊರದಿಂದ ಕೇರುವುದು? ಯಾವ ಜರಡಿಯಿಂದ ಸೋಸುವುದು?

2024ರಲ್ಲಿ ತಿರುಮಲೆಯ ಲಡ್ಡು ಪ್ರಸಾದದ ತುಪ್ಪವನ್ನು ಕುರಿತು ದೇಶದಲ್ಲೆಲ್ಲ ಚರ್ಚೆಯೆದ್ದಿತು. ಪ್ರಯೋಗಾಲಯದ ವರದಿ, ‘ಎಸ್ ಮೌಲ್ಯ’ ಮುಂತಾದ ಮಾತುಗಳು ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ವಿವಾದದ ತೀರ್ಮಾನವು ಈ ಅಂಕಣದ ಕೆಲಸವಲ್ಲ. ಆದರೆ ಅಂದಿನಿಂದ ನಮ್ಮ ಮನೆಗಳಲ್ಲಿಯೂ, ಮಠಗಳ ದಾಸೋಹದ ಉಗ್ರಾಣಗಳಲ್ಲಿಯೂ ಒಂದು ಪ್ರಶ್ನೆ ಉಳಿದುಕೊಂಡಿದೆ. ಶುದ್ಧವಾಗಿ ಕಾಣುವ ತುಪ್ಪದೊಳಗೆ ಏನಿದೆಯೆಂಬುದನ್ನು ವಿಜ್ಞಾನಿಗಳು ಹೇಗೆ ತಿಳಿಯುತ್ತಾರೆ? ಅವರು ಹೇಳಿದುದನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ಹಲವು ಓದುಗರು ಇದನ್ನೇ ಕೇಳಿರುವುದರಿಂದ ಈ ಪರೀಕ್ಷೆಯ ಮೂಲದಲ್ಲಿರುವ ಅನಿಲ ವರ್ಣಲೇಖನ, ಅಂದರೆ ಗ್ಯಾಸ್ ಕ್ರೊಮಟೋಗ್ರಫಿ ಎಂಬ ವಿದ್ಯೆಯ ತತ್ತ್ವವನ್ನು ಈ ಸಲ ವಿವರಿಸಲು ಪ್ರಯತ್ನಿಸುತ್ತೇನೆ.

ಪಾದಯಾತ್ರೆಯ ದೃಷ್ಟಾಂತ

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಊರೂರುಗಳಿಂದ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದನ್ನು ನಾವೆಲ್ಲ ಬಲ್ಲೆವು. ದಾರಿಯುದ್ದಕ್ಕೂ ಅಲ್ಲಲ್ಲಿ ದಾಸೋಹದ ಚಪ್ಪರಗಳಿರುತ್ತವೆ. ನೀರು, ಮಜ್ಜಿಗೆ, ಪ್ರಸಾದ, ನೆರಳು ದೊರೆಯುತ್ತವೆ, ಭಜನೆ ನಡೆದಿರುತ್ತದೆ. ಒಂದು ಊರಿನಿಂದ ನೂರು ಮಂದಿ ಒಂದೇ ಕ್ಷಣದಲ್ಲಿ ಹೊರಟರೆಂದು ಭಾವಿಸೋಣ. ದಾರಿಯಲ್ಲಿ ನಡೆಯುವಾಗ ಎಲ್ಲರದೂ ಒಂದೇ ವೇಗ. ಆದರೂ ಎಲ್ಲರೂ ಒಟ್ಟಿಗೆ ಕ್ಷೇತ್ರವನ್ನು ಸೇರುವುದಿಲ್ಲ. ಒಬ್ಬನು ಒಂದು ಗುಟುಕು ನೀರು ಕುಡಿದು ಮುಂದೆ ಸಾಗುತ್ತಾನೆ. ಇನ್ನೊಬ್ಬನಿಗೆ ಮಜ್ಜಿಗೆಯ ಮೇಲೆ ಆಸೆ. ಪ್ರತಿ ಚಪ್ಪರದಲ್ಲಿಯೂ ತುಸು ಹೊತ್ತು ಕೂರುತ್ತಾನೆ. ಮತ್ತೊಬ್ಬನು ಭಜನೆಯ ದನಿ ಕೇಳಿದಲ್ಲೆಲ್ಲ ಮೈಮರೆತು ನಿಲ್ಲುತ್ತಾನೆ. ನಡಿಗೆಯ ವೇಗ ಒಂದೇ ಆಗಿದ್ದರೂ ತಂಗುವ ಹೊತ್ತು ಬೇರೆ ಬೇರೆಯಾದುದರಿಂದ ಅವರು ಬೇರೆ ಬೇರೆ ವೇಳೆಗೆ ತಲಪುತ್ತಾರೆ.

ಅನಿಲ ವರ್ಣಲೇಖನದ ತತ್ತ್ವವೆಲ್ಲ ಈ ದೃಷ್ಟಾಂತದಲ್ಲಿ ಅಡಗಿದೆ. ಇಲ್ಲಿ ದಾರಿಯೆಂದರೆ ಕೂದಲಿನಂತೆ ಸಣ್ಣದಾದ ಒಂದು ನಳಿಕೆ. ಇದಕ್ಕೆ ಕಾಲಂ ಎಂದು ಹೆಸರು. ಶುದ್ಧ ಸಿಲಿಕದಿಂದ ಮಾಡಿದ ಈ ನಳಿಕೆಯ ಒಳವ್ಯಾಸವು ಸಾಮಾನ್ಯವಾಗಿ ಕಾಲು ಮಿಲಿಮೀಟರ್. ಉದ್ದವು ಅನೇಕ ವೇಳೆ 30 ಮೀಟರ್. ಅದನ್ನು ಬಳೆಯಂತೆ ಸುರುಳಿ ಸುತ್ತಿ, ಶಾಖವನ್ನು ಕರಾರುವಾಕ್ಕಾಗಿ ನಿಯಂತ್ರಿಸಬಲ್ಲ ಒಂದು ಒಲೆಯ ಪೆಟ್ಟಿಗೆಯಲ್ಲಿ ತೂಗುಹಾಕಿರುತ್ತಾರೆ. ನಳಿಕೆಯ ಒಳಗೋಡೆಗೆ ಸುಲಭವಾಗಿ ಆವಿಯಾಗದ ಒಂದು ದ್ರವವನ್ನು ಅತಿ ತೆಳುವಾಗಿ ಲೇಪಿಸಿರುತ್ತಾರೆ. ಈ ಲೇಪವೇ ದಾರಿಯುದ್ದಕ್ಕೂ ಹಬ್ಬಿದ ದಾಸೋಹದ ಚಪ್ಪರ. ಶಾಸ್ತ್ರದಲ್ಲಿ ಇದಕ್ಕೆ ಸ್ಥಿರ ಪ್ರಾವಸ್ಥೆಯೆಂದು ಹೆಸರು. ನಳಿಕೆಯ ಮೂಲಕ ಹೀಲಿಯಂ, ಸಾರಜನಕ ಅಥವಾ ಜಲಜನಕವು ಎಡೆಬಿಡದೆ ಹರಿಯುತ್ತಿರುತ್ತದೆ. ಇದು ಯಾತ್ರಿಕರನ್ನು ಒಯ್ಯುವ ವಾಹಕ ಅನಿಲ, ಅಂದರೆ ಚಲ ಪ್ರಾವಸ್ಥೆ.

ಪರೀಕ್ಷಿಸಬೇಕಾದ ದ್ರವವನ್ನು ಸಣ್ಣ ಸಿರಿಂಜಿನಿಂದ ನಳಿಕೆಯ ಬಾಯಿಗೆ ಚುಚ್ಚುತ್ತಾರೆ. ಎಷ್ಟು? ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಇಲ್ಲವೇ ಅದಕ್ಕಿಂತಲೂ ಕಡಿಮೆ. ಅಲ್ಲಿಯ ಶಾಖಕ್ಕೆ ಅದು ತಟ್ಟನೆ ಆವಿಯಾಗಿ ಅನಿಲದೊಡನೆ ಹೊರಡುತ್ತದೆ. ದಾರಿಯಲ್ಲಿ ಪ್ರತಿಯೊಂದು ಅಣುವೂ ಕೆಲಹೊತ್ತು ಗೋಡೆಯ ಲೇಪದಲ್ಲಿ ಕರಗಿ ತಂಗುತ್ತದೆ, ಮತ್ತೆ ಎದ್ದು ಅನಿಲವನ್ನು ಸೇರುತ್ತದೆ. ಇದು ಎಣಿಕೆಗೆ ಸಿಗದಷ್ಟು ಸಲ ನಡೆಯುತ್ತದೆ. ಅನಿಲದಲ್ಲಿರುವಾಗ ಎಲ್ಲ ಅಣುಗಳ ಮುನ್ನಡೆಯೂ ಒಂದೇ ತೆರನಾದುದು. ಲೇಪದೊಡನೆ ಯಾವುದಕ್ಕೆ ಹೆಚ್ಚು ಒಲವೋ ಅದು ತಡವಾಗಿ ಹೊರಬರುತ್ತದೆ. ಯಾವುದು ಬೇಗನೆ ಆವಿಯಾಗಬಲ್ಲುದೋ, ಲೇಪದ ಒಲವು ಯಾವುದಕ್ಕೆ ಕಡಿಮೆಯೋ ಅದು ಮೊದಲು ಬರುತ್ತದೆ. ಒಳಹೊಕ್ಕ ಗಳಿಗೆಯಿಂದ ಹೊರಬಂದ ಗಳಿಗೆಯವರೆಗಿನ ಅವಧಿಗೆ ಧಾರಣಕಾಲವೆಂದು ಹೆಸರು.

ಕಣದಲ್ಲಿ ತೂರುವುದಕ್ಕೂ ಇದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಎರಡರಲ್ಲಿಯೂ ಗಾಳಿಯೇ ವಾಹಕ. ಆದರೆ ಕಣದಲ್ಲಿ ಬೇರ್ಪಡಿಸುವುದು ಕಾಳಿನ ಭಾರ. ನಳಿಕೆಯಲ್ಲಿ ಬೇರ್ಪಡಿಸುವುದು ಅಣುವಿನ ಸ್ವಭಾವ. ಆದುದರಿಂದಲೇ ಒಂದೇ ತೂಕದ ಎರಡು ವಸ್ತುಗಳನ್ನು ಕೂಡ ಇದು ಅಗಲಿಸಬಲ್ಲುದು.

ಇನ್ನು ಒಲೆಯ ಕೆಲಸವೇನು? ಕೆಲವು ಯಾತ್ರಿಕರು ಚಪ್ಪರದ ನೆರಳಿನಲ್ಲಿ ಕುಳಿತರೆ ಏಳುವುದೇ ಇಲ್ಲ. ಆಗ ತಂಡದ ಹಿರಿಯರೊಬ್ಬರು, “ಏಳಿರಪ್ಪಾ, ಹೊತ್ತಾಯಿತು” ಎಂದು ಎಬ್ಬಿಸಬೇಕಾಗುತ್ತದೆ. ಶಾಖವೇ ಆ ಹಿರಿಯ. ಮೊದಲು ಒಲೆಯನ್ನು ಕಡಿಮೆ ಉಷ್ಣತೆಯಲ್ಲಿಟ್ಟು, ಬೇಗ ಬರುವವುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಾರೆ. ಆಮೇಲೆ ನಿಮಿಷಕ್ಕೆ ಇಷ್ಟು ಡಿಗ್ರಿಯಂತೆ ಏರಿಸುತ್ತ, ಲೇಪದಲ್ಲಿ ನೆಲೆಯೂರಿ ಕುಳಿತವುಗಳನ್ನೂ ಹೊರಡಿಸುತ್ತಾರೆ.

ನಳಿಕೆಯ ತುದಿಯಲ್ಲಿ ಯಾತ್ರಿಕರ ಆಗಮನವನ್ನು ಗುರುತಿಸುವ ಶೋಧಕವಿರುತ್ತದೆ. ಇವುಗಳಲ್ಲಿ ಬಹಳ ಬಳಕೆಯಲ್ಲಿರುವುದು ಒಂದು ಪುಟ್ಟ ಜ್ವಾಲೆ. ಜಲಜನಕವು ಗಾಳಿಯಲ್ಲಿ ಉರಿಯುವ ಈ ಜ್ವಾಲೆಗೆ ಇಂಗಾಲದ ಸಂಯುಕ್ತವೊಂದು ಬಂದು ಬಿದ್ದರೆ, ಅದು ಸುಡುವಾಗ ವಿದ್ಯುದಂಶವುಳ್ಳ ಕೆಲವು ಕಣಗಳು ಹುಟ್ಟುತ್ತವೆ. ಅವುಗಳಿಂದ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ. ಒಂದು ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಅಲ್ಪವಾದ ವಿದ್ಯುತ್ತನ್ನೂ ಉಪಕರಣವು ಅಳೆದು, ಕಾಗದದ ಮೇಲೋ ತೆರೆಯ ಮೇಲೋ ಗೆರೆಯಾಗಿ ಬರೆಯುತ್ತದೆ. ಏನೂ ಬಾರದಿದ್ದಾಗ ಗೆರೆ ಸಮತಟ್ಟು; ಒಂದು ವಸ್ತು ಬಂದಾಗ ಬೆಟ್ಟದಂತೆ ಏರಿ ಇಳಿಯುತ್ತದೆ. ಶಿಖರವು ಕಾಣಿಸಿಕೊಂಡ ವೇಳೆಯಿಂದ ವಸ್ತು ಯಾವುದಿರಬಹುದೆಂದೂ, ಶಿಖರದ ಕೆಳಗಿನ ವಿಸ್ತೀರ್ಣದಿಂದ ಅದು ಎಷ್ಟಿದೆಯೆಂದೂ ಲೆಕ್ಕ ಹಾಕುತ್ತಾರೆ.

ವಿದ್ಯೆ ಬೆಳೆದ ಬಗೆ

ಅನಿಲಕ್ಕೆ ಬಣ್ಣವಿಲ್ಲದಿದ್ದರೂ ಈ ವಿದ್ಯೆಗೆ ವರ್ಣಲೇಖನವೆಂಬ ಹೆಸರೇಕೆ ಎಂದು ಯಾರಾದರೂ ಕೇಳಿಯಾರು. ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿಯು ಎಲೆಗಳ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಯಬಿಟ್ಟನು. ಒಂದೇ ಹಸಿರಾಗಿ ಕಾಣುತ್ತಿದ್ದ ರಸವು ಹಸಿರು, ಹಳದಿ ಬಣ್ಣಗಳ ಬೇರೆ ಬೇರೆ ಪಟ್ಟೆಗಳಾಗಿ ಒಡೆಯಿತು. 1903ರಲ್ಲಿ ವಾರ್ಸಾ ನಗರದಲ್ಲಿ ಅವನು ಇದನ್ನು ಪ್ರಕಟಪಡಿಸಿದನು. 1906ರಲ್ಲಿ ಗ್ರೀಕ್ ಪದಗಳಿಂದ ‘ಬಣ್ಣದ ಬರಹ’ ಎಂಬರ್ಥದ ಹೆಸರನ್ನಿಟ್ಟನು. ಅವನ ಮಾತಿಗೆ ಆಗ ಮನ್ನಣೆ ಸಿಗಲಿಲ್ಲ. 1919ರಲ್ಲಿ ಅವನು ತೀರಿಕೊಂಡನು; ವಿಜ್ಞಾನ ಲೋಕವು ಅವನ ವಿಧಾನವನ್ನು ಮತ್ತೆ ಕೈಗೆತ್ತಿಕೊಂಡದ್ದು 1930ರ ದಶಕದಲ್ಲಿ.

1941ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಸಂಶೋಧನ ಸಂಸ್ಥೆಯಲ್ಲಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಎಂಬುವರು, ವಸ್ತುವೊಂದು ಎರಡು ಮಾಧ್ಯಮಗಳ ನಡುವೆ ತನ್ನನ್ನು ತಾನು ಹಂಚಿಕೊಳ್ಳುವ ಗುಣವನ್ನೇ ಬಳಸಿ ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಹರಿಯುವ ಮಾಧ್ಯಮವು ದ್ರವವೇ ಆಗಬೇಕೆಂದಿಲ್ಲ, ಆವಿಯೂ ಆಗಬಹುದು ಎಂಬ ಮಾತನ್ನು ಆ ಲೇಖನದಲ್ಲಿಯೇ ಬರೆದಿದ್ದರು. ಸುಮಾರು ಹತ್ತು ವರ್ಷಗಳ ಕಾಲ ಆ ಸೂಚನೆಯನ್ನು ಯಾರೂ ಹಿಡಿಯಲಿಲ್ಲ. ಕಡೆಗೆ ಮಾರ್ಟಿನ್ನರೇ ಆ್ಯಂಟನಿ ಜೇಮ್ಸ್ ಎಂಬ ಸಹೋದ್ಯೋಗಿಯೊಡನೆ ಅದನ್ನು ಸಾಧಿಸಿ 1952ರಲ್ಲಿ ಪ್ರಕಟಿಸಿದರು. ಅವರು ಮೊದಲು ಬಿಡಿಸಿ ತೋರಿಸಿದ್ದು ಮೇದಾಮ್ಲಗಳನ್ನು, ಅಂದರೆ ಎಣ್ಣೆ ತುಪ್ಪಗಳ ಘಟಕಗಳನ್ನು! ಅದೇ ವರ್ಷ ಮಾರ್ಟಿನ್ ಮತ್ತು ಸಿಂಜ್ ಅವರಿಗೆ, 1941ರ ಶೋಧಕ್ಕಾಗಿ, ರಸಾಯನವಿಜ್ಞಾನದ ನೊಬೆಲ್ ಪುರಸ್ಕಾರ ದೊರೆಯಿತು.

ಈ ಕಥೆಯಲ್ಲಿ ಒಬ್ಬ ಮಹಿಳೆಯ ಹೆಸರನ್ನು ಮರೆಯಲಾಗದು. ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಎರಿಕಾ ಕ್ರೇಮರ್ ಎಂಬ ವಿದುಷಿಯು 1944ರಲ್ಲಿಯೇ ಅನಿಲವನ್ನು ವಾಹಕವಾಗಿ ಬಳಸುವ ವಿಧಾನವನ್ನು ಬರೆದು ಒಂದು ಜರ್ಮನ್ ಪತ್ರಿಕೆಗೆ ಕಳುಹಿಸಿದ್ದರು. ಲೇಖನವು ಸ್ವೀಕೃತವಾಗಿತ್ತು. ಆದರೆ ಮಹಾಯುದ್ಧದ ಬಾಂಬು ದಾಳಿಗೆ ಮುದ್ರಣಾಲಯವೇ ನಾಶವಾಯಿತು. ಆ ಲೇಖನವು ಬೆಳಕು ಕಂಡದ್ದು 1976ರಲ್ಲಿ. ಯುದ್ಧ ಮುಗಿದ ಮೇಲೆ ಕ್ರೇಮರ್ ತಮ್ಮ ಶಿಷ್ಯ ಫ್ರಿಟ್ಸ್ ಪ್ರಿಯೋರ್ ಅವರೊಡನೆ ಸರಳ ಸಾಮಗ್ರಿಯಿಂದಲೇ ಉಪಕರಣವನ್ನು ಕಟ್ಟಿ ಆ ಕೆಲಸವನ್ನು ಮುಂದುವರಿಸಿದರು. ಮನ್ನಣೆಗಾಗಿ ಕಾಯದೆ ಕಾಯಕದಲ್ಲಿ ನಿರತರಾಗುವವರು ಎಲ್ಲ ನಾಡುಗಳಲ್ಲಿಯೂ ಇದ್ದಾರೆ.

ಮೂಗಿಗೆ ತಿಳಿಯದ ವಿಷ

ಈ ವಿದ್ಯೆಯ ಬೆಲೆ ಎಷ್ಟೆಂಬುದನ್ನು ಅರಿಯಲು ನಮ್ಮ ನಾಡಿನ ಒಂದು ದುರಂತವನ್ನು ನೆನೆಯಬೇಕು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಇಂತಹ ದುರಂತಗಳಲ್ಲಿ ಸಾವನ್ನು ತರುವುದು ಮೆಥನಾಲ್ ಎಂಬ ಮದ್ಯಸಾರ. ಸಾಮಾನ್ಯ ಮದ್ಯದಲ್ಲಿರುವುದು ಎಥನಾಲ್. ಎರಡೂ ಬಣ್ಣವಿಲ್ಲದವು, ನೀರಿನಲ್ಲಿ ಬೆರೆಯುವವು. ವಾಸನೆಯಲ್ಲಿಯೂ ಕುಡಿಯುವವನಿಗೆ ವ್ಯತ್ಯಾಸ ತಿಳಿಯದು. ರಚನೆಯಲ್ಲಿ ನೋಡಿದರೆ ಮೆಥನಾಲಿನಲ್ಲಿ ಒಂದು ಇಂಗಾಲ, ಎಥನಾಲಿನಲ್ಲಿ ಎರಡು. ಇಷ್ಟೇ ಭೇದ. ಆದರೆ ದೇಹವನ್ನು ಹೊಕ್ಕ ಮೆಥನಾಲು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ, ಕಡೆಗೆ ಜೀವವನ್ನೇ ತೆಗೆಯುತ್ತದೆ. ಮದ್ಯಪಾನವೇ ಸಲ್ಲದೆಂಬುದು ನಮ್ಮ ಸಮಾಜದ ನಿಲುವು. ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಷವುಂಡು ಆಸ್ಪತ್ರೆಯಲ್ಲಿ ಮಲಗಿದವನು ಯಾರದೋ ಮನೆಯ ದುಡಿಯುವ ಕೈ. ಅವನ ರಕ್ತದಲ್ಲಿರುವುದು ಏನೆಂದು ವೈದ್ಯರಿಗೆ ಬೇಗನೆ ತಿಳಿದಷ್ಟೂ ಅವನ ಜೀವಕ್ಕೆ ಆಸರೆ ಹೆಚ್ಚು.

ಮೂಗು ಹೇಳಲಾರದ ಈ ಭೇದವನ್ನು ನಳಿಕೆಯು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಮೆಥನಾಲು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಎಥನಾಲು ಸುಮಾರು 78 ಡಿಗ್ರಿಯಲ್ಲಿ. ಬಳಕೆಯಲ್ಲಿರುವ ಕಾಲಂಗಳಲ್ಲಿ ಮೆಥನಾಲು ಮೊದಲು ಬರುತ್ತದೆ, ಎಥನಾಲು ಅನಂತರ. ರಕ್ತವನ್ನು ನೇರವಾಗಿ ಚುಚ್ಚಿದರೆ ನಳಿಕೆ ಕೆಡುವುದರಿಂದ ಒಂದು ಜಾಣ ಉಪಾಯವನ್ನು ಅನುಸರಿಸುತ್ತಾರೆ. ಮುಚ್ಚಿದ ಪಾತ್ರೆಯಲ್ಲಿ ಸಾರು ಕಾದಿರುವಾಗ ಮುಚ್ಚಳ ತೆರೆದೊಡನೆ ಬರುವ ಆವಿಯಿಂದಲೇ ಒಳಗಿನ ಪದಾರ್ಥ ಯಾವುದೆಂದು ಗೃಹಿಣಿ ಹೇಳಬಲ್ಲಳಲ್ಲವೇ? ಹಾಗೆಯೇ ರಕ್ತವನ್ನು ಸಣ್ಣ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ತುಸು ಬಿಸಿ ಮಾಡಿ, ಅದರ ಮೇಲಣ ಆವಿಯನ್ನು ಮಾತ್ರ ನಳಿಕೆಗೆ ಕಳುಹಿಸುತ್ತಾರೆ. ಜ್ವಾಲೆಯ ಶೋಧಕಕ್ಕೆ ನೀರಾವಿಯು ಗೋಚರವಾಗದಿರುವುದು ಇಲ್ಲಿ ಇನ್ನೊಂದು ಅನುಕೂಲ.

ಅಳತೆಯಲ್ಲಿ ತಪ್ಪಾಗದಂತೆ ಮತ್ತೊಂದು ಎಚ್ಚರವನ್ನೂ ವಹಿಸುತ್ತಾರೆ. ರಕ್ತದಲ್ಲಿ ಇರದ, ತಮಗೆ ಚೆನ್ನಾಗಿ ಗೊತ್ತಿರುವ ಪ್ರೊಪನಾಲ್‌ನಂತಹ ವಸ್ತುವೊಂದನ್ನು ತೂಗಿದ ಪ್ರಮಾಣದಲ್ಲಿ ಪ್ರತಿ ಸೀಸೆಗೂ ಸೇರಿಸುತ್ತಾರೆ. ಯಾತ್ರೆಯ ಪ್ರತಿ ತಂಡದೊಡನೆಯೂ ನಂಬಿಕೆಯ ಒಬ್ಬ ಸಂಗಡಿಗನನ್ನು ಕಳುಹಿಸಿದಂತೆ ಇದು. ಚುಚ್ಚಿದ ಆವಿ ಹೆಚ್ಚುಕಡಿಮೆಯಾದರೆ ಆ ಸಂಗಡಿಗನ ಶಿಖರವೂ ಅದೇ ಪ್ರಮಾಣದಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಅವನೊಡನೆ ಹೋಲಿಸಿದರೆ ಉಳಿದವುಗಳ ಲೆಕ್ಕ ಸರಿಹೋಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿರುವವನು ವಾಹನ ನಡೆಸುವುದು ನಮ್ಮ ದೇಶದ ಮೋಟಾರು ವಾಹನ ಕಾಯಿದೆಯಂತೆ ಅಪರಾಧ. ಅಷ್ಟು ಸಣ್ಣ ಅಳತೆಯ ಮೇಲೆ ಒಬ್ಬನ ಮಾನ, ಇನ್ನೊಬ್ಬನ ನ್ಯಾಯ ನಿಂತಿರುವಾಗ ಇಂತಹ ಎಚ್ಚರ ಅತಿಯೆನಿಸದು.

ಗಂಧದೆಣ್ಣೆಯ ಪಾಠ

ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತು ಕುಂಠಿತವಾದಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯನ್ನು ತಾನೇ ಬಟ್ಟಿ ಇಳಿಸುವ ಕೈಗಾರಿಕೆಯನ್ನು ಆರಂಭಿಸಿತು. ಆ ಎಣ್ಣೆಯ ಕೀರ್ತಿ ಲೋಕಪ್ರಸಿದ್ಧ. ಬೆಲೆ ಏರಿದಲ್ಲಿ ಬೆರಕೆಯೂ ಬರುತ್ತದೆ. ಹಿಂದೆ ಎಣ್ಣೆಯ ಗುಣವನ್ನು ಅಳೆಯುತ್ತಿದ್ದ ರಾಸಾಯನಿಕ ವಿಧಾನವು ಅದರೊಳಗಿನ ಆಲ್ಕೊಹಾಲ್ ವರ್ಗದ ವಸ್ತುಗಳೆಲ್ಲವನ್ನೂ ಒಟ್ಟಾಗಿ ಎಣಿಸಿ, ‘ಸ್ಯಾಂಟಲಾಲ್ ಇಷ್ಟು’ ಎಂದು ಲೆಕ್ಕ ಕೊಡುತ್ತಿತ್ತು. ಅದು ಬಾಗಿಲಲ್ಲಿ ನಿಂತು ತಲೆ ಎಣಿಸಿದಂತೆ. ಒಳಬಂದವರು ಮನೆಯವರೋ ಹೊರಗಿನವರೋ ಎಂಬುದು ಅದಕ್ಕೆ ತಿಳಿಯದು. ಅದೇ ವರ್ಗದ ಅಗ್ಗದ ವಸ್ತುವನ್ನು ಬೆರೆಸಿದರೂ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು.

ಅನಿಲ ವರ್ಣಲೇಖನವಾದರೋ ಪ್ರತಿಯೊಂದನ್ನೂ ಬಿಡಿಸಿ ಕರೆಯುತ್ತದೆ. 2002ರ ಅಂತಾರಾಷ್ಟ್ರೀಯ ಮಾನಕದ ಪ್ರಕಾರ ನಮ್ಮ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ನೂರಕ್ಕೆ 41ರಿಂದ 55ರಷ್ಟೂ, ಬೀಟಾ ಸ್ಯಾಂಟಲಾಲ್ 16ರಿಂದ 24ರಷ್ಟೂ ಇರಬೇಕು. ಒಟ್ಟು ಮೊತ್ತ ಸರಿಯಿದ್ದರೆ ಸಾಲದು, ಒಳಗಿನ ಪ್ರತಿಯೊಂದು ಪಾಲೂ ತನ್ನ ಮಿತಿಯಲ್ಲಿರಬೇಕು. ಆಸ್ಟ್ರೇಲಿಯದ ಗಂಧದ ಜಾತಿಯೊಂದರ ಎಣ್ಣೆಯಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಎಂಬ ಬೇರೊಂದು ವಸ್ತು ಹೆಚ್ಚು. ಅದನ್ನು ಮೈಸೂರಿನದೆಂದು ಮಾರಿದರೆ ಶಿಖರಗಳ ಸಾಲೇ ಹೊರಗೆಡಹುತ್ತದೆ.

ತುಪ್ಪದ ಪರೀಕ್ಷೆ: ಎಷ್ಟು ಹೇಳುತ್ತದೆ, ಎಷ್ಟು ಹೇಳದು

ಈಗ ಓದುಗರ ಮೂಲ ಪ್ರಶ್ನೆಗೆ ಬರೋಣ. ಕೊಬ್ಬಿನ ಅಣುಗಳು ಭಾರವಾದವು, ಸುಲಭವಾಗಿ ಆವಿಯಾಗುವುದಿಲ್ಲ. ಆದುದರಿಂದ ಮೊದಲು ಅವುಗಳನ್ನು ಒಡೆದು, ಒಳಗಿನ ಮೇದಾಮ್ಲಗಳನ್ನು ಹಗುರವಾದ ರೂಪಕ್ಕೆ ಪರಿವರ್ತಿಸಿ, ಅನಂತರ ನಳಿಕೆಗೆ ಬಿಡುತ್ತಾರೆ. ಹಾಲಿನ ಕೊಬ್ಬಿಗೆ ಒಂದು ವಿಶೇಷ ಲಕ್ಷಣವಿದೆ. ಅದರಲ್ಲಿ ನಾಲ್ಕು ಇಂಗಾಲಗಳ ಬ್ಯುಟಿರಿಕ್ ಆಮ್ಲವು ನೂರಕ್ಕೆ ಸುಮಾರು 3ರಿಂದ 4ರಷ್ಟು ಇರುತ್ತದೆ. ನಾವು ಅಡುಗೆಗೆ ಬಳಸುವ ಶೇಂಗಾ, ತೆಂಗು, ಸೂರ್ಯಕಾಂತಿ, ತಾಳೆ ಮೊದಲಾದ ಎಣ್ಣೆಗಳಲ್ಲಿ ಇದು ಇರುವುದಿಲ್ಲ. ತುಪ್ಪಕ್ಕೆ ಸಮಪಾಲು ವನಸ್ಪತಿಯನ್ನು ಬೆರೆಸಿದರೆ ಈ ಆಮ್ಲ ಅರ್ಧಕ್ಕಿಳಿಯುತ್ತದೆ. ಮೋಸವು ಒಡನೆಯೇ ಬಯಲಾಗುತ್ತದೆ.

ಆದರೆ ನೂರು ಪಾಲಿನಲ್ಲಿ ಐದೇ ಪಾಲು ಬೆರೆಸಿದರೆ? 3.6 ಇದ್ದ ಆಮ್ಲವು 3.42ಕ್ಕೆ ಇಳಿಯುತ್ತದೆ, ಅಷ್ಟೇ. ಶುದ್ಧ ತುಪ್ಪಗಳ ನಡುವೆಯೇ ದನದ ತಳಿ, ಮೇವು, ಋತು ಇವುಗಳಿಂದ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಹುದು. ಆದಕಾರಣ ಈ ಒಂದು ಗುರುತಿನಿಂದ ಸಣ್ಣ ಬೆರಕೆಯನ್ನು ಹಿಡಿಯಲಾಗದು. ಇದಕ್ಕಾಗಿ ರೂಪಿಸಿದ್ದೇ ಎಸ್ ಮೌಲ್ಯದ ವಿಧಾನ. ಇದರಲ್ಲಿ ಕೊಬ್ಬಿನ ಅಣುಗಳನ್ನು ಒಡೆಯದೆ, ಇಡಿಯಾಗಿಯೇ ಹೆಚ್ಚಿನ ಶಾಖದಲ್ಲಿ ಬೇರ್ಪಡಿಸಿ, ಅವುಗಳ ಪ್ರಮಾಣಗಳನ್ನು ಗೊತ್ತಾದ ಸಮೀಕರಣಗಳಲ್ಲಿ ಹಾಕುತ್ತಾರೆ. ಹಾಲಿನ ಶುದ್ಧ ಕೊಬ್ಬಿಗೆ ಉತ್ತರವು 100ರ ಆಸುಪಾಸಿನಲ್ಲಿ ಬರಬೇಕು. ಇಂತಹ ಹಲವು ಸಮೀಕರಣಗಳಿದ್ದು, ಒಟ್ಟು ಮೌಲ್ಯಕ್ಕೆ 95.68ರಿಂದ 104.32ರವರೆಗೆ ಮಿತಿಯನ್ನು ಗೊತ್ತುಪಡಿಸಿದ್ದಾರೆ. ಅದನ್ನು ಮೀರಿದರೆ ಹೊರಗಿನ ಕೊಬ್ಬು ಸೇರಿರುವ ಸಂಶಯ ಬಲವಾಗುತ್ತದೆ.

ಇಲ್ಲಿ ‘ಸಂಶಯ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಈ ವಿಧಾನವನ್ನು ವಿವರಿಸುವ ಅಂತಾರಾಷ್ಟ್ರೀಯ ಮಾನಕವೇ ತನ್ನ ಮಿತಿಗಳನ್ನೂ ಹೇಳಿದೆ. ಈ ಸಮೀಕರಣಗಳು ಆಕಳ ಹಾಲಿಗಾಗಿ ರೂಪಿತವಾದವು. ದನಗಳಿಗೆ ಸಸ್ಯಜನ್ಯ ಎಣ್ಣೆಯನ್ನು ವಿಪರೀತವಾಗಿ ತಿನ್ನಿಸಿದ್ದರೆ, ಅವು ಮೇವಿಲ್ಲದೆ ತೀರ ಬಡವಾಗಿದ್ದರೆ, ಹಾಲು ಒಂದೇ ಆಕಳಿನದಾಗಿದ್ದರೆ ಶುದ್ಧ ಕೊಬ್ಬಿಗೂ ಮಿತಿ ಮೀರಿದ ಮೌಲ್ಯ ಬರಬಹುದು. ವರದಿಯ ಅಂಕಿಯನ್ನು ಮಾತ್ರ ಓದಿ ಈ ಟಿಪ್ಪಣಿಯನ್ನು ಬಿಟ್ಟವನು ಅರ್ಧ ಸತ್ಯವನ್ನು ಓದಿದಂತಾಯಿತು.

ಧಾರಣಕಾಲದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹನ್ನೆರಡನೆಯ ನಿಮಿಷದಲ್ಲಿ ಒಂದು ಶಿಖರ ಬಂತೆಂದರೆ ಬಂದದ್ದು ಯಾರೆಂದು ಜ್ವಾಲೆಗೆ ಗೊತ್ತಿಲ್ಲ. ಯಾರೋ ಬಂದರೆಂದು ಗಂಟೆ ಬಾರಿಸುವುದಷ್ಟೇ ಅದರ ಕೆಲಸ. ಶುದ್ಧವೆಂದು ಖಚಿತವಾದ ವಸ್ತುವೊಂದನ್ನು ಅದೇ ದಾರಿಯಲ್ಲಿ, ಅದೇ ಶಾಖದಲ್ಲಿ ಮುಂಚೆ ನಡೆಸಿ, ಅದೂ ಹನ್ನೆರಡನೆಯ ನಿಮಿಷಕ್ಕೆ ಬಂದಿದ್ದರೆ ಮಾತ್ರ ಹೆಸರಿಡಲು ಆಧಾರ ಸಿಗುತ್ತದೆ. ಆಗಲೂ ಅದು ಪೂರ್ಣ ಪ್ರಮಾಣವಲ್ಲ. ಇಬ್ಬರು ಯಾತ್ರಿಕರು ಒಂದೇ ವೇಳೆಗೆ ತಲಪಬಾರದೆಂಬ ನಿಯಮವಿಲ್ಲವಲ್ಲ! ಆದುದರಿಂದ ಬಲ್ಲವರು ಬೇರೆ ಸ್ವಭಾವದ ಲೇಪವುಳ್ಳ ಎರಡನೆಯ ನಳಿಕೆಯಲ್ಲಿ ಮತ್ತೆ ನಡೆಸಿ ನೋಡುತ್ತಾರೆ. ಇಲ್ಲವೇ ತುದಿಯಲ್ಲಿ ದ್ರವ್ಯರಾಶಿ ರೋಹಿತಮಾಪಕವನ್ನು ಜೋಡಿಸುತ್ತಾರೆ. ಅದು ಬಂದ ಅಣುವನ್ನು ಒಡೆದು ಚೂರುಗಳ ತೂಕವನ್ನು ನೋಡುತ್ತದೆ. ಗಂಟೆಯ ದನಿಯ ಜೊತೆಗೆ ಬಂದವನ ಮುಖವನ್ನೂ ಕಂಡಂತಾಗುತ್ತದೆ.

ಇನ್ನೊಂದು ಮಿತಿಯೂ ಉಂಟು. ಕೆಡದೆ ಆವಿಯಾಗಬಲ್ಲ ವಸ್ತುಗಳಿಗೆ ಮಾತ್ರ ಈ ದಾರಿ ತೆರೆದಿದೆ. ಉಪ್ಪು, ಸಕ್ಕರೆ, ಪ್ರೋಟೀನುಗಳು ಇದ್ದಂತೆಯೇ ಇದರಲ್ಲಿ ನಡೆಯಲಾರವು. ಕೆಲವನ್ನು ರೂಪಾಂತರಿಸಿ ಕಳುಹಿಸಬೇಕು. ಕೆಲವಕ್ಕೆ ಬೇರೆ ವಿಧಾನಗಳನ್ನೇ ಅವಲಂಬಿಸಬೇಕು.

ನಮ್ಮ ಕರ್ತವ್ಯ

ಇಷ್ಟನ್ನು ಅರಿತ ಗೃಹಸ್ಥನು ಮಾಡಬಹುದಾದುದೇನು? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಕಲಮಿನಂತೆ ಕೊಂಡುಕೊಂಡವನೇ, ಕೊಳ್ಳುವಾಗ ವ್ಯಾಪಾರಿಗೆ ತನ್ನ ಉದ್ದೇಶವನ್ನು ತಿಳಿಸಿ, ಶುಲ್ಕ ತೆತ್ತು ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕವನ್ನು ಹಿಂದಕ್ಕೆ ಪಡೆಯುವ ಹಕ್ಕೂ ಉಂಟು. ವಿಶ್ಲೇಷಕರ ವರದಿಯ ಮೇಲೆ ಮೇಲ್ಮನವಿಗೂ ಕಾಯಿದೆಯಲ್ಲಿ ಅವಕಾಶವಿದೆ. ಆಗ ಮಾದರಿಯು ನಿರ್ದೇಶಿತ ಪ್ರಯೋಗಾಲಯಕ್ಕೆ ಹೋಗಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಅಂತಹ ಪ್ರಯೋಗಾಲಯವಿದೆ. ಊರಿನ ಮಠ, ಬಳಗ, ಸಂಘಗಳು ದಾಸೋಹಕ್ಕಾಗಿ ದೊಡ್ಡ ಪ್ರಮಾಣದಲ್ಲಿ ತುಪ್ಪ ಎಣ್ಣೆಗಳನ್ನು ಕೊಳ್ಳುವಾಗ ಈ ಹಕ್ಕನ್ನು ಬಳಸಿಕೊಳ್ಳುವುದು ಉಚಿತ. ಸಾವಿರಾರು ಜನರ ಎಲೆಗೆ ಬೀಳುವ ಪದಾರ್ಥವನ್ನು ಪರೀಕ್ಷಿಸುವುದು ಅಪನಂಬಿಕೆಯ ಲಕ್ಷಣವಲ್ಲ; ಅದೂ ಪ್ರಸಾದದ ಗೌರವವೇ.

ಇಂತಹ ವಿಷಯ ಬಂದಾಗಲೆಲ್ಲ, ಇದೆಲ್ಲವೂ ನಮ್ಮ ಶರಣರಿಗೆ ಮೊದಲೇ ತಿಳಿದಿತ್ತು ಎಂದು ಹೇಳುವ ಅಭ್ಯಾಸ ಕೆಲವರಲ್ಲಿದೆ. ಅದು ಶರಣರಿಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಯಂತ್ರವಿರಲಿಲ್ಲ. ಅಲ್ಲಿ ಇದ್ದದ್ದು ಬೇರೊಂದು ಪರೀಕ್ಷೆ. ತಾನು ತಂದು ನೀಡುವ ಪದಾರ್ಥವು ಸತ್ಯಶುದ್ಧ ಕಾಯಕದಿಂದ ಬಂದುದೋ ಅಲ್ಲವೋ ಎಂದು ನೀಡುವವನೇ ತನ್ನನ್ನು ಕೇಳಿಕೊಳ್ಳುವ ಪರೀಕ್ಷೆ ಅದು. ಕಾಯಕ ಶುದ್ಧವಾಗಿರುವಲ್ಲಿ ಬೆರಕೆ ಹುಟ್ಟುವುದಿಲ್ಲ. ಬೆರಕೆ ಹುಟ್ಟಿದ ಮೇಲೆ ಅದನ್ನು ಹಿಡಿಯುವುದು ಯಂತ್ರದ ಕೆಲಸ. ಮೊದಲನೆಯದು ಕ್ಷೀಣಿಸಿದಷ್ಟೂ ಎರಡನೆಯದರ ಅಗತ್ಯ ಹೆಚ್ಚುತ್ತದೆ.

ಕಾಯಕದ ಮಾತು ವ್ಯಾಪಾರಿಗೆ ಮಾತ್ರ ಅನ್ವಯಿಸುವಂಥದಲ್ಲ. ತಿಳಿದ ವಸ್ತುವನ್ನು ಮೊದಲು ನಡೆಸಿ ನೋಡದೆ ತಿಳಿಯದುದಕ್ಕೆ ಹೆಸರಿಡದಿರುವುದು, ಎರಡನೆಯ ದಾರಿಯಲ್ಲಿ ಖಚಿತಪಡಿಸಿಕೊಳ್ಳುವುದು, ತನ್ನ ವಿಧಾನದ ಮಿತಿಯನ್ನು ವರದಿಯಲ್ಲಿಯೇ ಬರೆಯುವುದು ವಿಶ್ಲೇಷಕನ ಕಾಯಕ. ಆ ವರದಿಯನ್ನು ಕಡೆಯವರೆಗೆ ಓದುವುದು, ಒಂದೇ ಅಂಕಿಯನ್ನು ಹಿಡಿದು ಯಾರನ್ನೂ ಬೀದಿಗೆಳೆಯದಿರುವುದು, ದೋಷ ಸಿದ್ಧವಾದಾಗ ಯಾರ ಮುಲಾಜಿಗೂ ಒಳಗಾಗಿ ಮುಚ್ಚಿಹಾಕದಿರುವುದು ನಮ್ಮ ಕಾಯಕ. ಬೆರೆತುದನ್ನು ಬಿಡಿಸುವ ಕೆಲಸವನ್ನು ನಳಿಕೆಗೆ ಒಪ್ಪಿಸಬಹುದು. ಬಿಡಿಸಿ ಕಂಡುದನ್ನು ಹೆಚ್ಚಿಸದೆ, ಕುಗ್ಗಿಸದೆ ನುಡಿಯುವ ಹೊಣೆ ಮಾತ್ರ ಮನುಷ್ಯನದಾಗಿಯೇ ಉಳಿಯುತ್ತದೆ.